ನೀಲಿ ಬೆಳಕಿನ ಭಯ, ಕನ್ನಡಕದ ವ್ಯಾಪಾರ

ಮಾನ್ಯರೇ,

ಮೊಬೈಲ್, ಕಂಪ್ಯೂಟರ್ ಪರದೆಯ ನೀಲಿ ಬೆಳಕು ಕಣ್ಣನ್ನೇ ಹಾಳು ಮಾಡುತ್ತದೆ ಎಂದು ಹೆದರಿಸಿ ವಿಶೇಷ ಕನ್ನಡಕ ಮಾರುವುದು ಈಚೆಗೆ ಜಾಸ್ತಿಯಾಗಿದೆ. ಬಿಸಿಲಿನಲ್ಲಿರುವ ನೀಲಿ ಬೆಳಕಿಗೆ ಹೋಲಿಸಿದರೆ ಪರದೆಯದು ತೀರಾ ಕಡಿಮೆ. 17 ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯ 2023ರ ವರದಿಯೂ, ಇಂಥ ಕನ್ನಡಕದಿಂದ ಕಣ್ಣಿನ ಆಯಾಸ ಕಡಿಮೆಯಾಗುವುದು ಅನುಮಾನ ಎಂದೇ ಹೇಳಿದೆ.

ಹಾಗಾದರೆ ಸಂಜೆ ಹೊತ್ತಿಗೆ ಕಣ್ಣು ಉರಿಯುವುದು ಸುಳ್ಳಾ? ಖಂಡಿತ ಅಲ್ಲ. ಸಾಮಾನ್ಯವಾಗಿ ನಾವು ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುತ್ತೇವೆ. ಪರದೆ ನೋಡುವಾಗ ಅದು ಅರ್ಧಕ್ಕೆ ಇಳಿಯಬಹುದು. ಬಡಿದರೂ ಎಷ್ಟೋ ಸಲ ರೆಪ್ಪೆ ಪೂರ್ತಿ ಮುಚ್ಚುವುದೇ ಇಲ್ಲ. ಕಣ್ಣಿನ ಮೇಲಿನ ನೀರಿನ ಪದರ ಆರುತ್ತದೆ. ಉರಿ ಶುರುವಾಗುತ್ತದೆ, ಮರಳು ಬಿದ್ದಂತೆ ಚುಚ್ಚುತ್ತದೆ, ಅಕ್ಷರ ಮಂಜಾಗುತ್ತದೆ. ಹತ್ತಿರದ್ದನ್ನೇ ನೋಡಿ ನೋಡಿ ಕಣ್ಣಿನೊಳಗಿನ ಸ್ನಾಯುವೂ ಸೋಲುತ್ತದೆ. ಇದಕ್ಕೆಲ್ಲ ಸುಮ್ನೆ ನೀಲಿ ಬಣ್ಣವನ್ನು ದೂರಿದರೆ ಹೇಗೆ? ರಾತ್ರಿ ಈ ಬೆಳಕು ನಿದ್ದೆ ಕೆಡಿಸಬಹುದು ಎಂಬುದು ಬೇರೆ ಮಾತು. ಅದಕ್ಕೆ ಮಲಗುವ ಮುಂಚೆ ಫೋನ್ ಪಕ್ಕಕ್ಕಿಟ್ಟರೆ ಆಯಿತು, ಅಲ್ವಾ?

ಕನ್ನಡಕದಂಗಡಿಯವರು ನೀಲಿ ಬೆಳಕು ತಡೆಯಲು ಗಾಜಿಗೆ ಹಚ್ಚುವ ಲೇಪನಕ್ಕೆ ಹೆಚ್ಚುವರಿ ದುಡ್ಡು ಕೇಳುವ ಮುನ್ನ, ಅದರಿಂದ ಏನು ಆಗುತ್ತದೆ, ಏನು ಆಗುವುದಿಲ್ಲ ಎಂಬುದನ್ನು ಬಿಲ್ಲಿನ ಮೇಲೇ ಬರೆದುಕೊಡುವಂತೆ ನಿಯಮವಾಗಲಿ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡ್ ನೋಡಿ ಎಂಬ ಪುಕ್ಕಟೆ ಸಲಹೆಯನ್ನೂ ಅದರ ಜತೆಗೇ ಅಚ್ಚು ಹಾಕಿಸಲಿ.

– ಒಬ್ಬ ಓದುಗ