ಘಾತದಲ್ಲಿ ಕೂತ ಕ್ಷ

ಪ್ರೀತಿಯ ತಮ್ಮನಿಗೆ ಅಕ್ಕ ಮಾಡುವ ಆಶೀರ್ವಾದಗಳು.

ಸಮೀಕರಣದಲ್ಲಿ ನಾವು ಹುಡುಕುವ ಸಂಖ್ಯೆ ಕ್ಷ ಘಾತದಲ್ಲಿ ಕೂತಿದ್ದರೆ ಲಾಗರಿದಮ್ (ಲಾಗ್) ಬಳಸಿ ಬಿಡಿಸುವುದು ಹೇಗೆ ಎಂದು ನೀನು ಕೇಳಿದ್ದನ್ನು ಇಷ್ಟು ದೂರದಿಂದ ಫೋನಿನಲ್ಲಿ ಹೇಳುವುದಕ್ಕಿಂತ ಬರೆದು ಕಳಿಸುವುದೇ ಮೇಲು. ಪೆನ್ಸಿಲ್ ಹಿಡಿದುಕೊಂಡೇ ಓದು.

ಲಾಗ್ ಅಂದರೆ ಘಾತಾಂಕ, ಅಷ್ಟೇ. 10ಕ್ಕೆ ಯಾವ ಘಾತ ಕೊಟ್ಟರೆ 1000 ಬರುತ್ತದೆ? 3. ಹಾಗಾಗಿ ಆಧಾರ 10 ಆದಾಗ ಲಾಗ್ 1000 = 3. ಸ್ಕಾಟ್ಲೆಂಡಿನ ಗಣಿತಜ್ಞ ಜಾನ್ ನೇಪಿಯರ್ 1614ರಲ್ಲಿ ಲಾಗ್ ಕೋಷ್ಟಕ ಪ್ರಕಟಿಸಿದ್ದು ಗುಣಾಕಾರವನ್ನು ಕೂಡುವ ಲೆಕ್ಕವಾಗಿಸಲು. ಆ ಕೆಲಸ ಈಗ ಕ್ಯಾಲ್ಕುಲೇಟರಿನದು. ಆದರೆ ಘಾತದಲ್ಲಿ ಕೂತ ಕ್ಷವನ್ನು ಕೆಳಗಿಳಿಸಲು ಇವತ್ತಿಗೂ ಲಾಗ್ ಬೇಕು.

3^ಕ್ಷ = 20 ತಗೋ (^ ಗುರುತಿನ ನಂತರ ಬರುವುದು ಘಾತ). 3^2 = 9, 3^3 = 27. ಉತ್ತರ 2 ಮತ್ತು 3ರ ನಡುವೆ ಇದೆ ಎಂದು ಮೊದಲೇ ಬರೆದಿಟ್ಟುಕೋ. ಎರಡೂ ಕಡೆ ಆಧಾರ 10ರ ಲಾಗ್ ತೆಗೆದರೆ ಘಾತ ಕೆಳಗಿಳಿದು ಗುಣಕವಾಗುತ್ತದೆ: ಕ್ಷ × ಲಾಗ್ 3 = ಲಾಗ್ 20. ಅಂದರೆ ಕ್ಷ = 1.3010 ÷ 0.4771 = 2.727. ಇದನ್ನು ಬಹಳ ಜನ ಲಾಗ್ (20/3) ಎಂದು ಮಾಡಿ 0.8239 ತರುತ್ತಾರೆ. ಘಾತ 1ನ್ನೂ ಮುಟ್ಟದಿದ್ದರೆ 3ರಿಂದ 20 ಹೇಗೆ ಬಂದೀತು? ಒಳಗಿನ ಸಂಖ್ಯೆಗಳನ್ನು ಭಾಗಿಸುವುದೆಂದರೆ ಲಾಗ್‌ಗಳನ್ನು ಕಳೆಯುವುದು; ನಾವಿಲ್ಲಿ ಲಾಗ್‌ಗಳನ್ನೇ ಭಾಗಿಸುತ್ತಿದ್ದೇವೆ.

5 × 2^ಕ್ಷ = 60 ಇದ್ದರೆ ಮೊದಲು 5ರಿಂದ ಭಾಗಿಸು. 2^ಕ್ಷ = 12, ಕ್ಷ = 1.0792 ÷ 0.3010 = 3.585. ಘಾತ 2ರದ್ದು ಮಾತ್ರ, 5ರದ್ದಲ್ಲ. ಎರಡನ್ನೂ ಗುಣಿಸಿ 10^ಕ್ಷ ಎಂದು ಬರೆಯಬೇಡ.

2^(ಕ್ಷ+1) = 3^ಕ್ಷ ಆದಾಗ ಆವರಣ ಬಿಡಬಾರದು: (ಕ್ಷ+1) × 0.3010 = 0.4771 ಕ್ಷ. ಆಗ 0.1761 ಕ್ಷ = 0.3010, ಕ್ಷ = 1.709. ದಶಾಂಶಗಳನ್ನು ಮೊದಲೇ 0.30, 0.48 ಎಂದು ಮೊಟಕು ಮಾಡಿದರೆ 1.667 ಬರುತ್ತದೆ. ಹತ್ತಿರದ ಎರಡು ಸಂಖ್ಯೆಗಳನ್ನು ಕಳೆದಾಗ ಸಣ್ಣ ತಪ್ಪೂ ದೊಡ್ಡದಾಗುತ್ತದೆ, ಅದಕ್ಕೇ ಕೊನೆಯವರೆಗೂ ನಾಲ್ಕು ದಶಾಂಶ ಇಟ್ಟುಕೋ.

4^ಕ್ಷ − 2^ಕ್ಷ = 12 ಕಂಡ ಕೂಡಲೇ ಲಾಗ್ ತೆಗೆಯಲು ಹೋಗಬೇಡ. ಕೂಡಿದ ಅಥವಾ ಕಳೆದ ಪದಗಳ ಮೇಲೆ ಲಾಗ್ ಬಿಡಿಬಿಡಿಯಾಗಿ ಹಂಚಿಕೊಳ್ಳುವುದಿಲ್ಲ. 4^ಕ್ಷ ಅಂದರೆ 2^ಕ್ಷದ ವರ್ಗ. 2^ಕ್ಷವನ್ನು ಯ ಎಂದಿಟ್ಟುಕೊಂಡರೆ ಯ² − ಯ − 12 = 0; ಯ = 4 ಅಥವಾ −3. 2ರ ಯಾವ ಘಾತವೂ ಋಣವಾಗದು, ಆದ್ದರಿಂದ −3 ಬಿಡು. 2^ಕ್ಷ = 4, ಕ್ಷ = 2. ಇಲ್ಲಿ ಲಾಗ್ ಬೇಕಾಗಲೇ ಇಲ್ಲ, ನೋಡು.

9^ಕ್ಷ − 3^ಕ್ಷ = 20 ನೀನೇ ಬಿಡಿಸಿ ಕಳಿಸು; ಇದರಲ್ಲಿ ಕೊನೆಗೆ ಲಾಗ್ ಬೇಕಾಗುತ್ತದೆ. ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಅಕ್ಕ