ಗೆಳೆಯನಿಗೊಂದು ಪತ್ರ: ನಿನ್ನಣ್ಣ ಮುಂಬೈ ನೋಡಿ ಹೋದರು

ಮಾರಾಯ,

ಮೊದಲೇ ಹೇಳಿಬಿಡುತ್ತೇನೆ, ಆ ಕೊಡೆ ಇನ್ನೂ ಸಿಕ್ಕಿಲ್ಲ.

ನಿನ್ನಣ್ಣ, ಅತ್ತಿಗೆ, ಮಕ್ಕಳಿಬ್ಬರು ಶನಿವಾರ ಬೆಳಿಗ್ಗೆ ಮತ್ಸ್ಯಗಂಧ ರೈಲಿನಲ್ಲಿ ಬಂದಿಳಿದರು. ಭಾನುವಾರ ಮಧ್ಯಾಹ್ನ ಅದೇ ಗಾಡಿಯಲ್ಲಿ ವಾಪಸ್. ವರದಿ ಕೊಡು ಅಂದಿದ್ದೆಯಲ್ಲ, ಇಲ್ಲೇ ಎಲ್ಲರೆದುರು ಕೊಡುತ್ತಿದ್ದೇನೆ. ನಿನಗೊಬ್ಬನಿಗೇ ಕಳಿಸಿದರೆ ಒಂದು ಹೆಬ್ಬೆರಳಿನ ಚಿತ್ರ ಹಾಕಿ ಸುಮ್ಮನಾಗುತ್ತೀಯ.

ಡೊಂಬಿವಲಿಯಲ್ಲಿ ನಿನ್ನಣ್ಣ ಫಾಸ್ಟ್ ಲೋಕಲ್ ಹತ್ತಿದ್ದನ್ನು ನೀನು ನೋಡಬೇಕಿತ್ತು. ಅವರು ಹತ್ತಲಿಲ್ಲ, ಜನ ಹತ್ತಿಸಿದರು. ಘಾಟ್ಕೋಪರ್ ದಾಟುವವರೆಗೆ ಒಂಟಿ ಕಾಲಲ್ಲಿ ನಿಂತಿದ್ದವರು, "ಇವತ್ತು ಶನಿವಾರ ಅಲ್ವಾ? ರಜೆ ಇಲ್ವಾ ಇವರಿಗೆಲ್ಲ?" ಅಂತ ಕೇಳಿದರು. ಅತ್ತಿಗೆ ಮಾತ್ರ ಲೇಡೀಸ್ ಡಬ್ಬಿಯಿಂದ ಎರಡು ಜೊತೆ ಕಿವಿಯೋಲೆ ಕೊಂಡುಕೊಂಡು, ನಗುತ್ತಾ ಇಳಿದರು.

ಗೇಟ್‌ವೇ ಆಫ್ ಇಂಡಿಯಾದ ಮುಂದೆ ನನ್ನ ಭಾಷಣ ಶುರುವಾಯಿತು. ನಿನಗೆ ಬಾಯಿಪಾಠ ಇದೆ. 1911ರಲ್ಲಿ ಐದನೇ ಜಾರ್ಜ್ ಬಂದದ್ದರ ನೆನಪಿಗೆ ಕಟ್ಟಿದ್ದು. ಆದರೆ ಆ ರಾಜ ಬಂದಾಗ ಬಾಗಿಲೇ ಇರಲಿಲ್ಲ, ಕಟ್ಟಿ ಮುಗಿದದ್ದು 1924ರಲ್ಲಿ. ಬ್ರಿಟಿಷರ ಕೊನೆಯ ಪಡೆ 1948ರಲ್ಲಿ ಹೊರಟದ್ದೂ ಇದೇ ಬಾಗಿಲಿಂದ. "ಬರಲಿಕ್ಕೆ ಅಂತ ಕಟ್ಟಿದ್ದು, ಹೋಗಲಿಕ್ಕೆ ಆಯಿತು" ಅನ್ನುವಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ, ಜನ ನಗಲಿ ಅಂತ. ನಿನ್ನಣ್ಣ ನಗಲಿಲ್ಲ. "ಇಲ್ಲಿ ಚಾ ಎಲ್ಲಿ ಸಿಗುತ್ತದೆ?" ಅಂದರು.

ಆಮೇಲೆ ಲಾಂಚು, ಎಲಿಫೆಂಟಾ ದ್ವೀಪದ ಗುಹೆಗಳು. ಒಂದು ಗಂಟೆ ನೀರಲ್ಲಿ, ನೂರಾ ಇಪ್ಪತ್ತು ಮೆಟ್ಟಿಲು, ಕೈಯ ಬಾಟಲಿ ಕಸಿಯುವ ಮಂಗಗಳು. ತ್ರಿಮೂರ್ತಿಯ ಮುಂದೆ ನಿನ್ನಣ್ಣ ಚಪ್ಪಲಿ ಬಿಟ್ಟು ಕೈ ಮುಗಿದರು. ಎಷ್ಟೋ ಸಲ ಹೋಗಿದ್ದೇನೆ, ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಅವರ ಚಿಕ್ಕ ಮಗ "ಆನೆ ಎಲ್ಲಿ?" ಅಂತ ಹಠ ಹಿಡಿದ. ನಾನು ಬಾಯಿ ಬಿಡುವ ಮೊದಲೇ ನನ್ನ ಮಗಳು ಹೇಳಿದಳು: "ಕಲ್ಲಿನ ಆನೆ. ಅದನ್ನ ಇಂಗ್ಲೆಂಡಿಗೆ ಸಾಗಿಸ್ಲಿಕ್ಕೆ ಹೋಗಿ ಬೀಳಿಸಿ ಚೂರು ಮಾಡಿದರು. ಅಂಟಿಸಿ ಇಲ್ಲೇ ಮುಂಬೈಯ ಭಾಯಖಳಾದಲ್ಲಿ ಇಟ್ಟಿದ್ದಾರೆ." ನನ್ನದೇ ಮಾತು, ನನ್ನದೇ ಧಾಟಿ. ನನಗೆ ಹೆಮ್ಮೆಯಾಯಿತು.

ವಾಪಸ್ ಬರುವಾಗ ಅತ್ತಿಗೆ ಸುಮ್ನೆ ಕೇಳಿದರು, "ನೀವೂ ಊರಿಗೇ ಬಂದುಬಿಡಬಹುದಲ್ಲ?"

ಮತ್ತೆ ನನ್ನ ಮಗಳೇ. ಒಂದು ಸಣ್ಣ ನಗೆ ನಕ್ಕು, ನಾನು ನಗುವ ಹಾಗೆಯೇ ನಕ್ಕು, "ಅಯ್ಯೋ, ಊರಲ್ಲಿ ಎರಡು ದಿನಕ್ಕಿಂತ ಜಾಸ್ತಿ ಇದ್ದರೆ ಬೇಜಾರು. ಮುಂಬೈ ಅಭ್ಯಾಸ ಆಗಿಬಿಟ್ಟಿದೆ ನೋಡಿ."

ಲಾಂಚಿನಲ್ಲಿದ್ದ ಕನ್ನಡದವರೆಲ್ಲ ನಕ್ಕರು. ನಾನೂ ನಕ್ಕೆ. ಅವಳಿಗೆ ಎಂಟು ವರ್ಷ. ಜಾರ್ಜ್ ರಾಜ, ಆನೆ, ಇದು. ಮೂರನ್ನೂ ಒಂದೇ ಪಾಠ ಅಂತ ಕಲಿತಿದ್ದಾಳೆ.

ಲೆಕ್ಕ ಹಾಕಿದೆ. ಕಳೆದ ಸಲ ಸಮುದ್ರ ನೋಡಿದ್ದು ಭಾವನ ಮನೆಯವರು ಬಂದಾಗ. ಅದಕ್ಕೂ ಮುಂಚೆ ಚಿಕ್ಕಮ್ಮ ಬಂದಾಗ. ಆಫೀಸು ಠಾಣೆಯಲ್ಲಿ, ಮನೆ ಡೊಂಬಿವಲಿಯಲ್ಲಿ, ನಡುವೆ ಸಮುದ್ರ ಎಲ್ಲಿಂದ ಬರಬೇಕು? ನೆಂಟರು ಬರದಿದ್ದರೆ ನನಗೆ ಮುಂಬೈ ಇಲ್ಲ ಮಾರಾಯ.

ಇನ್ನೊಂದು ಹೇಳಬೇಕು. ನೀನು ಸಾಮಾನು ಕಟ್ಟಿಕೊಂಡು ಊರಿಗೆ ಹೊರಟಾಗ "ಅವನಿಗೆ ಮುಂಬೈ ತಡೆಯಲಿಲ್ಲ" ಅಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದವನು ನಾನೇ. ನಿನ್ನಮ್ಮ ಫೋನ್ ಮಾಡಿದಾಗ ಅವರಿಗೂ ಹೇಳಿದ್ದೆ. ಅಂಗಡಿ ಇಬ್ಬರೂ ಸೇರಿ ಮಾಡುವ ಅಂತ ನೀನು ಕರೆದಿದ್ದೆ, ನಾನು ತಮಾಷೆ ಮಾಡಿ ಕಳಿಸಿದೆ. ಆ ರಾತ್ರಿಯೇ ಕೂತು ರಾಜೀನಾಮೆ ಬರೆದಿದ್ದೆ. ಇನ್ನೂ ಇಮೇಲಿನ ಡ್ರಾಫ್ಟಿನಲ್ಲಿದೆ. ಕೆಲಸ ಎರಡು ಸಲ ಬದಲಾಯಿತು, ಎರಡು ಸಲವೂ ಅದರಲ್ಲಿ ಕಂಪನಿಯ ಹೆಸರು ಬದಲಿಸಿದೆ, ತಾರೀಕು ಹಾಕಲಿಲ್ಲ. ಹೆಂಡತಿಗೂ ಗೊತ್ತಿಲ್ಲ.

ಈಗ ಗೊತ್ತಾಯಿತು. ಅವಳೂ ಇದನ್ನು ಓದುತ್ತಾಳೆ. ರಾತ್ರಿ ಊಟ ಸಿಗದಿದ್ದರೆ ನೀನೇ ಹೊಣೆ.

ಊಟ ಅಂದಕೂಡಲೇ ನೆನಪಾಯಿತು. ಭಾನುವಾರ ಮೆಗಾಬ್ಲಾಕ್, ಹಳಿ ರಿಪೇರಿ ಅಂತ ಲೋಕಲ್ ಗಾಡಿಗಳಿಗೆ ತಡೆ. ಹೇಗೋ ಮಾಟುಂಗಾ ಮುಟ್ಟಿ, ಸ್ಟೇಷನ್ ಪಕ್ಕದ ರಾಮ ನಾಯಕರಲ್ಲಿ ಬಾಳೆಲೆ ಊಟ ಹಾಕಿಸಿದೆ. 1942ರ ಹೋಟೆಲು ಅಂತ ಭಾಷಣಕ್ಕೆ ಗಂಟಲು ಸರಿ ಮಾಡಿಕೊಳ್ಳುತ್ತಿದ್ದೆ. ನಿನ್ನಣ್ಣ ಸಾರು ಕಲಸುತ್ತಾ, "ಉಡುಪಿಯಿಂದ ರಾತ್ರಿಯಿಡೀ ರೈಲಲ್ಲಿ ಬಂದವರಿಗೆ ಉಡುಪಿ ಊಟ ಹಾಕಿಸ್ತೀಯಲ್ಲ ಮಾರಾಯ" ಅಂದರು. ಎರಡನೇ ಸಲ ಅನ್ನ ಹಾಕಿಸಿಕೊಂಡರು, ಅದು ಬೇರೆ ವಿಷಯ.

ಅವರ ಚಾರ್ಜರ್ ಇಲ್ಲೇ ಉಳಿದಿದೆ. ಹಲಸಿನ ಹಪ್ಪಳ ಆಗಲೇ ಅರ್ಧ ಖಾಲಿ. ಚಾರ್ಜರ್ ಬೇಕಿದ್ದರೆ ನೀನೇ ಬಂದು ತೆಗೆದುಕೊಂಡು ಹೋಗು, ಗೇಟ್‌ವೇ ತೋರಿಸುವುದಿಲ್ಲ.

ನಿನ್ನ,
ಮೂರನೇ ಇಡ್ಲಿ