ಪರಮಿ, ಆ ಹೆಸರಿನ ವಿಷಯ

ಪರಮಿ,

ನಮ್ಮ ಆಫೀಸಿನವನೊಬ್ಬ ಮಗನಿಗೆ ‘ಹ್ಲೈ’ ಅಂತ ವೇಲ್ಸ್ ನಾಡಿನ ಹೆಸರಿಟ್ಟ ಅಂದಿದ್ದಕ್ಕೆ, “ಹೆಸರು ಹೇಳಿದ್ಯೋ, ಕೆಮ್ಮಿದ್ಯೋ? ಏನದರ ಅರ್ಥ?” ಅಂತ ಕೇಳಿದ್ದೆಯಲ್ಲ. ಉತ್ತರ ಊರವರ ಮುಂದೇ ಕೊಡ್ತೀನಿ, ತಗೋ. ಲ, ಳ ಎರಡೂ ಬಲ್ಲವರು ನಾವು ಅನ್ನೋ ಜಂಬ ವೇಲ್ಸಿನಲ್ಲಿ ನಡೆಯಲ್ಲ ಮಾರಾಯ. ನಾಲಿಗೆ ಲಕಾರಕ್ಕೆ ಇಟ್ಟು, ದನಿಯೇ ಇಲ್ಲದೆ ಪಕ್ಕದಿಂದ ಬರೀ ಗಾಳಿ ಊದಬೇಕು. ಎದುರಿಗಿದ್ದವರು ಕನ್ನಡಕ ಒರೆಸಿಕೊಳ್ಳಬೇಕು.

ಬೆಳಕು, ಹೊಳಪು ಅಂತ ಅರ್ಥ ಹೇಳ್ತಾರೆ. ಐರ್ಲೆಂಡಿನ ಪುರಾಣದ ಲೂ, ಹಳೇ ಗಾಲ್ ನಾಡಿನ (ಈಗಿನ ಫ್ರಾನ್ಸ್ ಕಡೆ) ದೇವರು ಲುಗುಸ್, ಕಥೆಯ ಈ ಹ್ಲೈ ಬಳಗದವರೇ ಅಂತೆ. ಅದಿರಲಿ, ಕಥೆ ಕೇಳು.

ಮಧ್ಯಯುಗದ ವೆಲ್ಶ್ ಕಥೆ, ಮಬಿನೋಗಿ ಅನ್ನೋ ಕಥಾಮಾಲೆಯ ನಾಲ್ಕನೇ ಕವಲು. ಅರಿಯಾನ್‌ರೋಡ್ ಅನ್ನೋ ತಾಯಿಗೆ ಹೆತ್ತ ಮಗನೇ ಬೇಡ. ನಾನಾಗಿ ಇಡೋ ತನಕ ಇವನಿಗೆ ಹೆಸರೇ ಇಲ್ಲ ಅಂತ ಶಾಪ ಹಾಕ್ತಾಳೆ. ಹುಡುಗನನ್ನ ಸಾಕಿದ ಗ್ವಿಡಿಯನ್ ಮಾಯಗಾರ. ಕಡಲಪಾಚಿಯಿಂದ ಹಡಗು ಮಾಡಿ, ಪಾಚಿಯಿಂದಲೇ ತೊಗಲು ಮಾಡಿ, ಇಬ್ಬರೂ ಜೋಡು ಹೊಲಿಯೋರ ವೇಷದಲ್ಲಿ ಅವಳ ಕೋಟೆಗೆ ಬರ್ತಾರೆ. ಮೊದಲನೇ ಜೋಡು ಬೇಕಂತಲೇ ದೊಡ್ಡದು, ಎರಡನೇದು ಬೇಕಂತಲೇ ಚಿಕ್ಕದು. ಅಳತೆ ಕೊಡೋಕೆ ಅವಳೇ ಹಡಗಿಗೆ ಬರಬೇಕಾಗುತ್ತೆ. ಅಷ್ಟರಲ್ಲಿ ಪುಟಾಣಿ ರೆನ್ ಹಕ್ಕಿಯೊಂದು ಬಂದು ಕೂರುತ್ತೆ. ಹುಡುಗ ಅದರ ಕಾಲಿನ ನರಕ್ಕೂ ಮೂಳೆಗೂ ಮಧ್ಯೆ ಗುರಿಯಿಟ್ಟು ಹೊಡೀತಾನೆ. ಅವಳು ನಕ್ಕು, ಹೊಳೆಯೋ ಹುಡುಗನ ಕೈ ಎಷ್ಟು ಚುರುಕು ಅಂದುಬಿಡ್ತಾಳೆ. ಮುಗೀತು, ಅದೇ ಹೆಸರು, ಹ್ಲೈ! ಹಡಗು ಮತ್ತೆ ಪಾಚಿ.

ವೇಲ್ಸಿನ ಕೈರ್ನಾರ್ವನ್ ಊರಿನ ಹತ್ತಿರದ ಡಿನಾಸ್ ಡಿನ್‌ಹ್ಲೆ ಕೋಟೆದಿಬ್ಬದ ಹೆಸರಲ್ಲಿ ಇವನೇ ಇದ್ದಾನೆ. ನೀರು ಇಳಿದಾಗ ಕಾಣೋ ಬಂಡೆಸಾಲೊಂದನ್ನ ಅಮ್ಮನ ಕೋಟೆ ಅಂತ ತೋರಿಸ್ತಾರೆ. ದಿಬ್ಬದ ಪಡುಬದಿಯನ್ನ ಸಮುದ್ರ ಆಗಲೇ ತಿಂದುಹಾಕಿದೆ.

ಇಲ್ಲಿಗೆ ನಿಲ್ಲಿಸಬೇಕಿತ್ತು. ಅಮ್ಮ ಈಗ ನನ್ನನ್ನ ನಾಣಿ ಅಂತಾಳೆ ಕಣೋ. ನಾಣಿಮಾಮ ಹೋದ ದಿನ ನೀನೂ ಮನೇಲಿದ್ದೆ. ಮೊದಮೊದಲು ನಾನು ತಿದ್ದುತ್ತಿದ್ದೆ. ಈಗ ವಿಡಿಯೋ ಕಾಲ್‌ನಲ್ಲಿ ನಾಣಿಯಾಗೇ ಕೂತು ಬಲೆ ಬೀಸ್ತೀನಿ.

“ಅಕ್ಕಾ, ನಿನ್ನ ಮಗ ಎಲ್ಲೇ?”

“ಅವನಾ? ಪರದೇಶ.”

“ಹೆಸರೇನು ಅವನದು?”

ಸೆರಗಿನ ಅಂಚನ್ನ ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ, “ನಿಂಗೊತ್ತಿಲ್ವೇನೋ? ತೊಟ್ಟಿಲು ತಂದೋನೇ ನೀನು” ಅಂತ ಗದರ್ತಾಳೆ. ಹೆಸರು ಮಾತ್ರ ಬಾಯಿಗೆ ಬರಲ್ಲ. ಮೊನ್ನೆ “ಶೇ...” ಅಂದಳು. ಉಸಿರು ಹಿಡಿದು ಕೂತೆ. “ಶೇಂಗಾ ಹುರಿದಿಟ್ಟೀನಿ, ತಿನ್ನು” ಅಂದಳು.

ಆ ಹುಡುಗನಿಗೆ ಇಲ್ಲದ ಹೆಸರು ಬೇಕಿತ್ತು. ನನಗೆ ಇಟ್ಟ ಹೆಸರೇ ವಾಪಸ್ ಬೇಕು. ಆಫೀಸಿನಲ್ಲಿ ನಾನು ‘ಶೆಶ್’, ಮನೆಯಲ್ಲಿ ‘ರೀ’. ಶೇಷೂ ಅನ್ನೋನು ಈಗ ನೀನೊಬ್ಬ, ಅದೂ ಸಾಲ ಕೇಳುವಾಗ.

ಛೆ, ಹೆಸರಿನ ಅರ್ಥ ಕೇಳಿದವನಿಗೆ ಪುರಾಣ ಬಿಚ್ಚಿದೆ. ಕೆಳಗೆ ಯಾರಾದರೂ ಅಳೋ ಮುಖದ ಚಿತ್ರ ಹಾಕಿದರೆ ಪೋಸ್ಟೇ ತೆಗೆದುಬಿಡ್ತೀನಿ. ನೀನು ಹರಿಹರದ ಬಸ್ಸಿನ ಸುದ್ದಿ ಎತ್ತಬೇಡ, ಇವಳೂ ಓದ್ತಾಳೆ.

ಇಂತಿ ನಿನ್ನ,
ಶೇಂಗಾ